ನಾಯಿ ಮನೆಯ ಕೋಳಿಯನ್ನೇ ಹಿಡಿದರೆ

ಮನೆಯಲ್ಲಿ ನಾಯಿ ಇದೆ. ನಾಲ್ಕು ಕೋಳಿ, ಒಂದು ಬೆಕ್ಕೂ ಇವೆ. ಒಂದು ದಿನ ನಾಯಿ ಕೋಳಿಯನ್ನು ಹಿಡಿದು ಕೊಂದಿತು. ಮೊಟ್ಟೆಯ ದುಡ್ಡು ಹೋಯಿತು. ಆಗ ಮನೆಯವರು ಏನು ಮಾಡ್ತಾರೆ? ಬಡಿಗೆ ತಗೊಂಡು ನಾಯಿಯನ್ನು ಬಡೀತಾರೆ. ಕೆಲವರು ಸತ್ತ ಕೋಳಿಯನ್ನು ಅದರ ಕೊರಳಿಗೇ ಕಟ್ತಾರೆ. ಇದರಿಂದ ಏನೂ ಉಪಯೋಗ ಇಲ್ಲ. ಆಮೇಲೆ ಬಿದ್ದ ಏಟು ಯಾಕೆಂದು ನಾಯಿಗೆ ತಿಳಿಯೋದಿಲ್ಲ. ಅದು ನಿಮಗೆ ಹೆದರ್ತದೆ, ಅಷ್ಟೇ.

"ಹೊಟ್ಟೆ ತುಂಬ ಹಾಕ್ತೀವಲ್ಲ, ಆದರೂ ಯಾಕೆ ಹಿಡೀತದೆ?" ಅಂತ ಕೇಳಬಹುದು. ಹಸಿವು ಬೇರೆ, ಬೇಟೆಯ ಸ್ವಭಾವ ಬೇರೆ. ಓಡುವುದನ್ನು ಕಂಡರೆ ಬೆನ್ನು ಹತ್ತುವುದು ನಾಯಿಯ ಹುಟ್ಟುಗುಣ. ಕೋಳಿ ಸುಮ್ಮನೆ ಕಾಳು ತಿನ್ನುವಾಗ ಅದು ಮಲಗೇ ಇರಬಹುದು. ಅದೇ ಕೋಳಿ ರೆಕ್ಕೆ ಬಡಿದು ಓಡಿದರೆ ಸಾಕು, ಎದ್ದು ಹಾರ್ತದೆ.

ಜತ್ತ, ಅಕ್ಕಲಕೋಟ ಕಡೆ ಮುಧೋಳ ನಾಯಿ ಸಾಕುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಕಾರವಾನ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಇದು ಕಣ್ಣಿನಿಂದ ನೋಡಿ ಬೇಟೆ ಆಡುವ ನಾಯಿ. ಮೊಲದ ಬೇಟೆಗೆ ಹೆಸರಾದ ತಳಿ. ಅದಕ್ಕೆ ಅಂಗಳದ ಕೋಳಿಯೂ ಮೊಲವೇ! ಕುರಿ ಕಾಯುವ ನಾಯಿ ಹಾಗಲ್ಲ. ಮರಿ ಇದ್ದಾಗಿಂದ ಕುರಿಗಳ ನಡುವೆ ಬೆಳೆದಿರ್ತದೆ. ಕುರಿಗಳು ತನ್ನವೇ ಎಂದು ತಿಳೀತದೆ.

ಆದ್ದರಿಂದ ನಾಯಿಮರಿಗೆ ಮೂರು ತಿಂಗಳು ತುಂಬುವ ಮೊದಲೇ ಕೋಳಿ, ಬೆಕ್ಕು, ಆಡುಗಳ ರೂಢಿ ಮಾಡಿಸಿರಿ. ಆಗ ನೀವು ಹತ್ತಿರವೇ ಇರಬೇಕು.

ದೊಡ್ಡ ನಾಯಿಯಾದರೆ ತಾಳ್ಮೆ ಬೇಕು. ಕೊರಳಪಟ್ಟಿಗೆ ಹಗ್ಗ ಕಟ್ಟಿ ಹಿಡೀರಿ. ಕೋಳಿಯಿಂದ ದೂರ ನಿಲ್ಲಿರಿ. ನಾಯಿ ಕೋಳಿಯನ್ನು ನೋಡಿ, ಮತ್ತೆ ನಿಮ್ಮ ಕಡೆ ತಿರುಗಿದರೆ ತಕ್ಷಣ ರೊಟ್ಟಿ ಚೂರು ಕೊಡಿರಿ. ಮೈ ಬಿಗಿ ಹಿಡಿದು, ಕಣ್ಣು ನೆಟ್ಟು ನಿಂತರೆ ಇನ್ನೂ ದೂರ ಸರೀರಿ. ಓಟ ಕಿತ್ತ ಮೇಲೆ ಎಷ್ಟು ಕೂಗಿದರೂ ಅದು ಕೇಳೋದಿಲ್ಲ. ದಿನಾ ಹತ್ತು ನಿಮಿಷ ಸಾಕು. ಆದರೆ ಕೆಲವು ವಾರ ಬೇಕಾಗ್ತದೆ.

ಕಲಿತಿದೆ ಅಂತ ನಂಬಿ, ಕೋಳಿಗಳ ಜೊತೆ ನಾಯಿಯನ್ನು ಬಿಟ್ಟು ಹೊಲಕ್ಕೆ ಹೋಗಬ್ಯಾಡ್ರಿ. ಕೋಳಿಗೆ ಗಟ್ಟಿ ಗೂಡು, ಬೆಕ್ಕಿಗೆ ಏರಲು ಅಟ್ಟ ಇರಲಿ. ಕೆಲವು ನಾಯಿಗಳು ಏನು ಮಾಡಿದರೂ ಈ ಗುಣ ಬಿಡೋದಿಲ್ಲ. ಅಂಥವಕ್ಕೆ ಬೇಲಿಯೇ ಗತಿ.

ನಾಯಿ ಬೆಕ್ಕನ್ನೋ ಆಡನ್ನೋ ಕಚ್ಚಿದರೆ ಗಾಯ ಸಣ್ಣದೆಂದು ಬಿಡಬ್ಯಾಡ್ರಿ. ಹಲ್ಲಿನ ಗಾಯ ಒಳಗೆ ಆಳ ಇರ್ತದೆ. ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ದನದ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ನಾಯಿಗೆ ರೇಬೀಸ್ ಲಸಿಕೆ ಯಾವಾಗ ಹಾಕಿಸಿದ್ದು ಎಂಬ ಚೀಟಿಯನ್ನೂ ತಗೊಂಡು ಹೋಗಿರಿ.