ಅಡ್ಡಕ್ಕೆ ಸೀಳಿದ ಬಾಗಿಲು

ನಮ್ಮ ಹಳೆಯ ಮನೆಗಳ ಜೋಡಿ ಕದ ಉದ್ದಕ್ಕೆ ಸೀಳಿದ್ದು: ಎಡಕ್ಕೊಂದು, ಬಲಕ್ಕೊಂದು. ಡಚ್ಚರು ಬಾಗಿಲನ್ನು ಅಡ್ಡಕ್ಕೆ ಸೀಳಿದರು. ಮೇಲಿನ ಕದ ತೆರೆದಿಟ್ಟರೆ ಗಾಳಿ ಬೆಳಕು ಒಳಗೆ ಬರುತ್ತವೆ. ಕೆಳಗಿನ ಕದಕ್ಕೆ ಚಿಲಕ ಹಾಕಿದರೆ ಕೋಳಿ, ಹಂದಿಗಳು ಅಂಗಳದಲ್ಲೇ ಉಳಿಯುತ್ತವೆ, ಅಂಬೆಗಾಲಿಕ್ಕುವ ಮಗು ಹೊಸ್ತಿಲು ದಾಟುವುದಿಲ್ಲ. ರೆಂಬ್ರಾಂಟ್‌ನ ಚಿತ್ರಶಾಲೆಯಿಂದ 1645ರಲ್ಲಿ ಬಂದ ಚಿತ್ರವೊಂದರಲ್ಲಿ ತರುಣಿಯೊಬ್ಬಳು ಇಂಥ ಅರೆಬಾಗಿಲ ಮೇಲೆ ಕೈಯೂರಿ ನಿಂತಿದ್ದಾಳೆ. ಚಿತ್ರ ಈಗ ಷಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ.

ಅಮೆರಿಕಕ್ಕೆ ವಲಸೆ ಹೋದ ಡಚ್ಚರು ಈ ಬಾಗಿಲನ್ನೂ ಜೊತೆಗೊಯ್ದರು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸುಮಾರು 1652ರಲ್ಲಿ ಕಟ್ಟಿದ ವೈಕಾಫ್ ಮನೆಗೆ ಇಂಥ ಬಾಗಿಲುಗಳಿವೆ. 1965ರಲ್ಲಿ ಆ ನಗರ ತನ್ನ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಮೊದಲು ಸೇರಿಸಿದ್ದು ಇದೇ ಮನೆಯನ್ನು. ಬ್ರಿಟನ್ನಿನಲ್ಲಿ ಇಂಥ ಬಾಗಿಲನ್ನು ಲಾಯದ ಬಾಗಿಲು ಎನ್ನುತ್ತಾರೆ.

ಇವತ್ತು ಈ ಬಾಗಿಲು ಹೆಚ್ಚು ಉಪಯೋಗಕ್ಕೆ ಬರುವುದು ಮನೆಯ ಒಳಗೇ. ಒಲೆಯ ಮುಂದೆ ನಿಂತವರಿಗೆ ಹಜಾರದಲ್ಲಿ ಆಡುವ ಮಗು ಕಾಣುತ್ತಿರಬೇಕು, ಮಗು ಮಾತ್ರ ಒಲೆಯ ಬಳಿ ಬರಬಾರದು. ಅದಕ್ಕೆಂದು ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ತಡೆಗಿಂತ ಇದು ಗಟ್ಟಿ. ಮಗು ದೊಡ್ಡದಾದ ಮೇಲೂ ಬಾಗಿಲು ಬಾಗಿಲಾಗಿಯೇ ಉಳಿಯುತ್ತದೆ.

ಇರುವ ಬಾಗಿಲನ್ನೇ ಹೀಗೆ ಸೀಳಿಸುವುದಾದರೆ ಮೊದಲ ಪ್ರಶ್ನೆ ಕದದ ಹೊಟ್ಟೆಯಲ್ಲಿ ಏನಿದೆ ಎಂಬುದು. ಒಳಗೆ ಗಟ್ಟಿ ಮರ ತುಂಬಿದ ಫ್ಲಶ್ ಡೋರ್ ಆದರೆ ನೇರವಾಗಿ ಕೊಯ್ಯಬಹುದು. ಅಗ್ಗದ ಪೊಳ್ಳು ಬಾಗಿಲನ್ನು ಕೊಯ್ದರೆ ರಟ್ಟಿನ ಜೇನುಗೂಡು ಹೊರಬೀಳುತ್ತದೆ. ಎರಡೂ ಬಾಯಿಗೆ ಮರದ ಪಟ್ಟಿ ಕೂರಿಸಿ, ಅಂಟು ಹಾಕಿ ಬಿಗಿಯದಿದ್ದರೆ ಕದ ನಿಲ್ಲುವುದಿಲ್ಲ. ತೇಗದ ಹಲಗೆ ಬಾಗಿಲಾದರೆ ಮಧ್ಯದ ಅಡ್ಡಪಟ್ಟಿ ಅಗಲವಾಗಿರಬೇಕು, ಕೊಯ್ತ ಅದರೊಳಗೇ ಹಾಯಬೇಕು. ಹೊಸದಾಗಿ ಮಾಡಿಸುವವರು ಎರಡು ಬಿಡಿ ಕದಗಳನ್ನೇ ಮಾಡಿಸುವುದು ಮೇಲು.

ಕೊಯ್ಯುವ ಮೊದಲೇ ಇಡೀ ಕದವನ್ನು ಚೌಕಟ್ಟಿಗೆ ತೂಗಿಹಾಕಬೇಕು. ಸಾಮಾನ್ಯ ಬಾಗಿಲಿಗೆ ಮೂರು ಹಿಂಜ್ ಸಾಕು. ಇಲ್ಲಿ ಒಂದೊಂದು ಕದಕ್ಕೆ ಎರಡರಂತೆ ನಾಲ್ಕು ಬೇಕು, ನಾಲ್ಕೂ ಒಂದೇ ಗೆರೆಯಲ್ಲಿರಬೇಕು. ಕದ ಸಲೀಸಾಗಿ ಆಡಿದ ಮೇಲೆ ಇಳಿಸಿ, ನೆಲದಿಂದ ಮೂರರಿಂದ ಮೂರೂವರೆ ಅಡಿ ಎತ್ತರದಲ್ಲಿ, ನಿಂತವರ ಮೊಣಕೈ ಮಟ್ಟಕ್ಕೆ ಗೆರೆ ಎಳೆಯುತ್ತಾರೆ. ಬೀಗದ ಜಾಗಕ್ಕೆ ಆ ಗೆರೆ ತಾಗಬಾರದು. ಚಕ್ಕೆ ಏಳದಂತೆ ಗೆರೆಯ ಮೇಲೆ ಟೇಪ್ ಅಂಟಿಸಿ, ಗರಗಸಕ್ಕೆ ನೇರಪಟ್ಟಿ ಆನಿಸಿ ಕೊಯ್ಯಬೇಕು.

ಕೊಯ್ಯುವುದು ಸುಲಭ, ಬಡಗಿಯ ಕೈಚಳಕ ಗೊತ್ತಾಗುವುದು ಎರಡು ಕದ ಕೂಡುವ ಜಾಗದಲ್ಲಿ. ಬರೀ ನೇರ ಕೊಯ್ತವಾದರೆ ಸಂದಿನಲ್ಲಿ ಬೆಳಕು, ಒಗ್ಗರಣೆಯ ಹೊಗೆ ಎಲ್ಲ ನುಗ್ಗುತ್ತವೆ. ಅದಕ್ಕೆ ಮೆಟ್ಟಿಲಿನಂತೆ ರಿಬೇಟ್ ತೆಗೆದು ಮೇಲಿನದರ ತುಟಿ ಕೆಳಗಿನದರ ಮೇಲೆ ಕೂರುವಂತೆ ಮಾಡುತ್ತಾರೆ. ಒಂದೇ ಕದವನ್ನು ಸೀಳಿದಾಗ ಅಷ್ಟು ಎತ್ತರ ಕಡಿಮೆ ಬೀಳುತ್ತದೆ. ಆಗ ಮೇಲಿನ ಕದದ ಮುಖಕ್ಕೆ ಪಟ್ಟಿಯೊಂದನ್ನು ಹೊಡೆದು ಸಂದು ಮುಚ್ಚುವುದೇ ದಾರಿ. ಆ ತುಟಿಯಾಗಲಿ ಪಟ್ಟಿಯಾಗಲಿ ಬಾಗಿಲು ತೆರೆದುಕೊಳ್ಳುವ ಕಡೆಗೇ ಇರಬೇಕು. ತಿರುವುಮುರುವಾದರೆ ಮೇಲಿನ ಕದ ಒಂಟಿಯಾಗಿ ತೆರೆಯುವುದೇ ಇಲ್ಲ, ಪಟ್ಟ ಶ್ರಮವೆಲ್ಲ ದಂಡ. ಸರಿಯಾಗಿದ್ದರೆ ಮೇಲಿನದು ತಾನೇ ತೆರೆಯುತ್ತದೆ, ಕೆಳಗಿನದನ್ನು ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ.

ಎರಡನ್ನೂ ಜೋಡಿಸಲು ಒಂದು ಚಿಲಕ ಬೇಕು. ಕಾಲುವೃತ್ತದಂತೆ ಬಾಗಿದ ಹಿತ್ತಾಳೆ ಚಿಲಕ ಇದಕ್ಕೆಂದೇ ಇದೆ. ಸಿಗದಿದ್ದರೆ ಗಟ್ಟಿಯಾದ ಟವರ್ ಬೋಲ್ಟ್ ಸಾಕು. ಕೆಳಗಿನ ಕದದ ನೆತ್ತಿಗೆ ಕಿರಿದಾದ ಹಲಗೆ ಕೂರಿಸಿದರೆ ಲೋಟ, ತಟ್ಟೆ ಇಡಬಹುದು. ಹಲಗೆ ತುಟಿಯ ಎದುರು ಬದಿಗೆ ಚಾಚಿರಲಿ, ಅದರ ತುದಿಗಳು ಚೌಕಟ್ಟಿಗಿಂತ ಒಂದಿಂಚು ಒಳಗಿರಲಿ. ಇಲ್ಲವಾದರೆ ತೆರೆಯುವಾಗ ಮೂಲೆ ತಗಲುತ್ತದೆ. ಪುಟ್ಟ ಬೆರಳುಗಳು ಎರಡು ಕದಗಳ ನಡುವಿನ ಸಂದಿಗೆ ಸಿಕ್ಕುವ ಅಪಾಯವಿದೆ, ಆದ್ದರಿಂದ ಮೇಲಿನ ಕದವನ್ನು ತೆರೆದಾಗ ಗೋಡೆಗೆ ಹಿಡಿದಿಡುವ ಕೊಕ್ಕೆಯನ್ನು ಮರೆಯಬಾರದು.

ಅಪಾರ್ಟ್‌ಮೆಂಟಿನ ಬೆಂಕಿ ತಡೆಯುವ ಬಾಗಿಲನ್ನು ಎಂದೂ ಸೀಳಬಾರದು. ಮಲಗುವ ಕೋಣೆಗೂ ಇದು ಹೊಂದದು, ಮಾತು ಸಂದಿನಿಂದ ಹೊರಬೀಳುತ್ತದೆ. ಅಡುಗೆಮನೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಮನೆ ಕಟ್ಟಿಸುತ್ತಿರುವವರು ಚೌಕಟ್ಟು ಕೂರಿಸುವ ಮೊದಲೇ ಬಡಗಿಯೊಂದಿಗೆ ಕೂತು ಈ ಮಾತು ಆಡಿಬಿಡಿ.