ಕಿತ್ತಳೆ ಎಣ್ಣೆಯ ಘಮ ಕೆಡುವುದೇಕೆ?

ಪ್ರಶ್ನೆ: ಕಿತ್ತಳೆ ಸಿಪ್ಪೆಯ ಎಣ್ಣೆ ಹಳತಾದರೆ ಘಾಟು ಹೊಡೆಯುತ್ತದೆ. ಸಿಪ್ಪೆ ಗೊಬ್ಬರದ ಗುಂಡಿಯಲ್ಲಿ ಬೇಗ ಕೊಳೆಯುವುದಿಲ್ಲ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ಎರಡರ ಹಿಂದೆಯೂ ಇರುವುದು ಲಿಮೊನೀನ್. ಸಿಪ್ಪೆ ಮಡಚಿದಾಗ ಚಿಮ್ಮಿ ಕಣ್ಣುರಿಸುವ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 90ಕ್ಕೂ ಹೆಚ್ಚು ಪಾಲು ಇದರದೇ.

ಈ ಅಣುವಿನಲ್ಲಿ ಎರಡು ದ್ವಿಬಂಧಗಳಿವೆ. ಅವುಗಳ ಅಕ್ಕಪಕ್ಕದ ಜಾಗ ದುರ್ಬಲ. ಗಾಳಿಯ ಆಮ್ಲಜನಕ ಕೈಹಾಕುವುದು ಅಲ್ಲೇ. ಮೊದಲು ಹುಟ್ಟುವುದು ಹೈಡ್ರೋಪೆರಾಕ್ಸೈಡುಗಳು, ಆಮೇಲೆ ಲಿಮೊನೀನ್ ಆಕ್ಸೈಡ್, ಕಾರ್ವಿಯಾಲ್, ಕಾರ್ವೋನ್. ಕೊನೆಯದು ಸಬ್ಬಸಿಗೆ ಬೀಜದ ಪರಿಮಳದಲ್ಲೂ ಇದೆ. ಹೀಗಾಗಿ ಹಳೆಯ ಎಣ್ಣೆಯಲ್ಲಿ ಕಿತ್ತಳೆಯ ಘಮ ಮಾಸುತ್ತದೆ. ಘಮ ಹೋದರೆ ಹೋಗಲಿ, ಚರ್ಮದ ಅಲರ್ಜಿಯೇ ದೊಡ್ಡ ತಲೆನೋವು. ತಾಜಾ ಲಿಮೊನೀನ್‌ಗಿಂತ ಆ ಹೈಡ್ರೋಪೆರಾಕ್ಸೈಡುಗಳೇ ಅದಕ್ಕೆ ಮುಖ್ಯ ಕಾರಣ. ಅರ್ಧ ಖಾಲಿಯಾಗಿ ವರ್ಷಗಟ್ಟಲೆ ಬಿದ್ದಿರುವ ಶೀಶೆಯನ್ನು ನಾನಾದರೆ ಮೈಗೆ ತಾಗಿಸುವುದಿಲ್ಲ.

ಸೂಕ್ಷ್ಮಜೀವಿಗಳ ಮಟ್ಟಿಗೆ ಲಿಮೊನೀನ್ ವಿಷವೂ ಹೌದು, ಊಟವೂ ಹೌದು. ಅದು ಅವುಗಳ ಜೀವಕೋಶದ ಪೊರೆಯೊಳಗೆ ಸೇರಿ ಪೊರೆಯನ್ನೇ ಸಡಿಲಿಸುತ್ತದೆ. ಮೀಥೇನ್ ತಯಾರಿಸುವ ಜೀವಿಗಳೂ ಇದಕ್ಕೆ ಬಗ್ಗುವುದರಿಂದ, ಗೋಬರ್ ಗ್ಯಾಸ್ ತೊಟ್ಟಿಗೆ ಸಿಪ್ಪೆ ವಿಪರೀತ ಸುರಿದರೆ ಅನಿಲ ಕುಗ್ಗುತ್ತದೆ. ಆದರೆ ರೋಡೋಕಾಕಸ್ ಎರಿಥ್ರೊಪೊಲಿಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಲಿಮೊನೀನ್ ಒಂದನ್ನೇ ತಿಂದು ಬದುಕಬಲ್ಲದು: ಆಮ್ಲಜನಕ ಬಳಸಿ ಅದನ್ನು ಎಪಾಕ್ಸೈಡ್ ಮಾಡುತ್ತದೆ, ಅದಕ್ಕೆ ನೀರು ಸೇರಿಸಿ ಡಯಾಲ್ ಮಾಡುತ್ತದೆ, ಮುಂದೆ ಅಣುವಿನ ಉಂಗುರವನ್ನೇ ಒಡೆಯುತ್ತದೆ. ಹಣ್ಣಿನ ಮೇಲೆ ಹಸಿರು ಬೂಷ್ಟು ಕಟ್ಟುವ ಪೆನಿಸಿಲಿಯಮ್ ಡಿಜಿಟೇಟಮ್ ಲಿಮೊನೀನನ್ನು ಟರ್ಪಿನಿಯಾಲ್ ಆಗಿ ಬದಲಿಸುತ್ತದೆ.

ಆದ್ದರಿಂದ ಲಿಮೊನೀನ್ ಆದಷ್ಟು ಆರಿಹೋಗುವಂತೆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಬಿಸಿಲಿಗೆ ಒಣಗಿಸಿ ಗುಂಡಿಗೆ ಹಾಕಿ. ಉಳಿದದ್ದನ್ನು ತಿನ್ನುವ ಜೀವಿಗಳಿಗೆ ಆಮ್ಲಜನಕ ಸಿಗಲು, ಗಾಳಿಯಾಡುವಂತೆ ಆಗಾಗ ತಿರುವಿಹಾಕಿ.