ಸೇನೆಯ ಹಳೆಯ ವಾಹನ: ಹರಾಜಿನ ನಂತರದ ತೊಡಕು

ಸೇನೆಯು ಸೇವೆಯಿಂದ ತೆಗೆದ ಜೀಪು, ಲಾರಿಗಳನ್ನು ಎಂ.ಎಸ್.ಟಿ.ಸಿ. ಸಂಸ್ಥೆಯು ಇ-ಹರಾಜಿನಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನ ಮೇಲೆ ಮಾರುತ್ತದೆ. ಬಿಡ್ ಗೆದ್ದ ವರ್ತಕನ ನಿಜವಾದ ಲೆಕ್ಕ ಆರಂಭವಾಗುವುದು ಅನಂತರ.

1988ರ ಮೋಟಾರು ವಾಹನ ಕಾಯಿದೆಯ 60ನೇ ಕಲಮಿನಡಿ ಸೇನಾ ವಾಹನಗಳಿಗೆ ಪ್ರತ್ಯೇಕ ನೋಂದಣಿಯಿದೆ. ಒಡೆತನವು ಸರ್ಕಾರದ ಕೈಬಿಟ್ಟೊಡನೆ 39 ಮತ್ತು 40ನೇ ಕಲಮುಗಳು ಅನ್ವಯವಾಗುತ್ತವೆ. ಅಂದರೆ ಖರೀದಿದಾರನು ಸಾರಿಗೆ ಕಚೇರಿಯಲ್ಲಿ ಹೊಸದಾಗಿ ನೋಂದಣಿ ಪಡೆಯಬೇಕು. ಅದು ದೊರೆಯದಿದ್ದರೆ ಹಣ ತೆತ್ತು ತಂದ ಜೀಪು ಗುಜರಿಯೇ ಸರಿ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 52ಎ ನಿಯಮವು ತೊಡಕನ್ನು ಹೆಚ್ಚಿಸಿದೆ. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳನ್ನು ನೋಂದಾಯಿತ ಗುಜರಿ ಘಟಕಕ್ಕೇ ಒಪ್ಪಿಸಬೇಕು. ರಕ್ಷಣಾ ಕಾರ್ಯಾಚರಣೆಯ ಕವಚಿತ ಹಾಗೂ ವಿಶೇಷ ವಾಹನಗಳಿಗೆ ವಿನಾಯಿತಿ ಉಂಟು. ಸಾಮಾನ್ಯ ಜೀಪು ಅದರೊಳಗೆ ಬರುವುದೇ ಎಂಬುದನ್ನು ನಿಯಮ ಬಿಡಿಸಿ ಹೇಳಿಲ್ಲ. ಸರ್ಕಾರವೇ ಮಾರುವ ಸರಕಿಗೆ ಸರ್ಕಾರದ್ದೇ ನಿಯಮ ಹೀಗೆ ಅಡ್ಡ ನಿಲ್ಲುವುದು ವಿಚಿತ್ರವೇ.

ತೆರಿಗೆಯದು ಇನ್ನೊಂದು ಬಾಬು. 2017ರ ಅಕ್ಟೋಬರ್ 13ರ ಅಧಿಸೂಚನೆಯಂತೆ ಕೇಂದ್ರ ಸರ್ಕಾರವು ಮಾರುವ ಬಳಸಿದ ವಾಹನಕ್ಕೆ ಜಿ.ಎಸ್.ಟಿ.ಯನ್ನು ನೋಂದಾಯಿತ ಖರೀದಿದಾರನೇ ಹಿಮ್ಮುಖ ಪಾವತಿಯಾಗಿ ಕಟ್ಟತಕ್ಕದ್ದು. ಈ ಮೊತ್ತವನ್ನು ಹೂಡುವಳಿ ತೆರಿಗೆ ಜಮೆಯಿಂದ ತೀರಿಸಲಾಗದು, ನಗದಿನಲ್ಲಿಯೇ ತುಂಬಬೇಕು. ಬಿಡ್ ಬರೆಯುವ ಮುನ್ನ ಇದನ್ನು ಸೇರಿಸದವರ ಲಾಭಾಂಶ ಅಲ್ಲಿಯೇ ಕರಗುತ್ತದೆ.